ತಾಯಿ ಓದಿಲ್ಲವೆಂದು ಮಗುವಿಗೆ ಸೀಟು ತಪ್ಪಬೇಕೇ?

ಸಹೋದರಿಯರೇ, ಮಗುವನ್ನು ಸೇರಿಸಲು ಹೋದಾಗ ‘ನೀವೆಷ್ಟು ಓದಿದ್ದೀರಿ? ಯಜಮಾನರಿಗೆ ಏನು ಕೆಲಸ?’ ಎಂದು ಶಾಲೆಯವರು ಕೇಳಿದರೆ ಏನು ಹೇಳುತ್ತೀರಿ? ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ, ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳಲ್ಲಿ ದುಡಿಯುವ, ಆಲಮಟ್ಟಿ ಹಿನ್ನೀರಿಗೆ ಭೂಮಿ ಕಳೆದುಕೊಂಡ ಬೀಳಗಿಯ ಎಷ್ಟೋ ತಾಯಂದಿರು ಈ ಪ್ರಶ್ನೆಗೆ ತಲೆ ತಗ್ಗಿಸುತ್ತಾರೆ. ತಗ್ಗಿಸುವ ಅಗತ್ಯವಿಲ್ಲ. ಕಾನೂನು ನಿಮ್ಮ ಕಡೆಗಿದೆ.

ಹುಟ್ಟಿದ ಮನೆ ನೋಡಿ ಸೀಟು ಕೊಡುವ ರೋಗ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಅನೇಕ ಹೆಸರಾಂತ ಕಾಲೇಜುಗಳು ತಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಮೊದಲ ಮಣೆ ಹಾಕುತ್ತಾ ಬಂದಿವೆ. 2021ರಲ್ಲಿ ಕೊಲರಾಡೊ ರಾಜ್ಯವು ಸರಕಾರಿ ಕಾಲೇಜುಗಳಲ್ಲಿ ಇದನ್ನು ನಿಷೇಧಿಸಿತು. 2024ರಲ್ಲಿ ಕ್ಯಾಲಿಫೋರ್ನಿಯಾ ಖಾಸಗಿ ಕಾಲೇಜುಗಳಿಗೂ ನಿಷೇಧ ಹೇರುವ ಕಾನೂನು ಮಾಡಿತು.

ನಮ್ಮಲ್ಲಿ ಈ ರೋಗದ ಹೆಸರು ಡೊನೇಷನ್. ಇದನ್ನು ತಡೆಯಲು ಕರ್ನಾಟಕವು 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೂ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ ರೂಪಾಯಿ ಇದ್ದಾಗ ಹೊರರಾಜ್ಯದವರಿಗೆ 60 ಸಾವಿರ ಇತ್ತು. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. ಹೀಗೆ ಹಣಕ್ಕೆ ಸೀಟು ಕೊಡುವುದು ಶಿಕ್ಷಣದ ಹಕ್ಕಿಗೆ ವಿರುದ್ಧವೆಂದು 1992ರ ಜುಲೈ 30ರಂದು ತೀರ್ಪು ಬಂತು. 2002ರ ಟಿ.ಎಂ.ಎ. ಪೈ ತೀರ್ಪು ಖಾಸಗಿ ಕಾಲೇಜುಗಳಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ಕೊಟ್ಟರೂ ಕ್ಯಾಪಿಟೇಷನ್ ಕೂಡದೆಂದೇ ಹೇಳಿತು.

ಶಾಲೆಗಳ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಅದರ 13ನೇ ಕಲಮಿನ ಪ್ರಕಾರ ಡೊನೇಷನ್ ಕೇಳುವಂತಿಲ್ಲ, ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸಂದರ್ಶನ ಮಾಡಿ ಆರಿಸುವಂತಿಲ್ಲ. ಡೊನೇಷನ್ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಸಂದರ್ಶನಕ್ಕೆ ಮೊದಲ ಸಲ 25 ಸಾವಿರ, ಆಮೇಲೆ ಪ್ರತಿ ಸಲ 50 ಸಾವಿರ ರೂಪಾಯಿವರೆಗೆ ದಂಡ.

ಹಾಗಾದರೆ ನಾವೇನು ಮಾಡಬೇಕು? ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೀಟು ನಿರಾಕರಿಸಿದರೆ ಕಾರಣವನ್ನು ಬರೆದುಕೊಡಲು ಕೇಳಿ. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ನಿಮಗೆ ಬರೆಯಲು ಬಾರದಿದ್ದರೆ ಓದಿದ ನೆರೆಮನೆಯ ಹುಡುಗಿ ಬರೆದುಕೊಡಲಿ.

ನಮ್ಮವರಿಗೂ ಒಂದು ಮಾತು. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅದನ್ನೇ ನೆಪ ಮಾಡಿಕೊಂಡು ನಮ್ಮ ಸಂಸ್ಥೆಗಳು ಕಮಿಟಿಯವರ ಮಕ್ಕಳಿಗೆ, ಹಣವಂತರ ಮಕ್ಕಳಿಗೆ ಮೊದಲ ಸೀಟು ಕೊಡುವುದು ನ್ಯಾಯವೇ? ಹಿರಿಮೆ ಇರುವುದು ಕುಲದಲ್ಲಲ್ಲ, ತಕ್ವಾದಲ್ಲಿ ಎಂಬುದು ಪ್ರವಾದಿ(ಸ)ಯವರು ವಿದಾಯದ ಹಜ್ಜಿನಲ್ಲಿ ನೀಡಿದ ಬೋಧನೆ. ನೇಕಾರನ ಮಗಳಿಗೂ ಕಮಿಟಿ ಅಧ್ಯಕ್ಷರ ಮಗಳಿಗೂ ಒಂದೇ ಸರದಿ ಇರಲಿ. ಈ ವರ್ಷದ ಪ್ರವೇಶದಲ್ಲೇ ಅದನ್ನು ನಿಮ್ಮ ಊರಿನ ಸಂಸ್ಥೆಯಲ್ಲಿ ಕೇಳಿ ನೋಡಿ.