ಆರೋಪ ಹೊತ್ತವರಿಗೆ ವಕೀಲರು ಸಿಗುವ ಹೊತ್ತು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಈಗ ಊರಾಗಿ ಗೊತ್ತಿರುವುದಕ್ಕಿಂತ ಕೈಗಾರಿಕಾ ಪ್ರದೇಶವಾಗಿಯೇ ಹೆಚ್ಚು ಪರಿಚಿತ. ಮುಸುಕಿನ ಜೋಳದ ಹೊಲಗಳ ಸೀಮೆಯಲ್ಲಿ ಕಾರ್ಖಾನೆಗಳ ಕಾಂಪೌಂಡುಗಳು ಎದ್ದಿವೆ. ಆಂಧ್ರದ ಗಡಿ ಹತ್ತಿರದ ಈ ಭಾಗದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಕಚೇರಿಯ ಕಾಗದ ಕನ್ನಡ. ವಲಸೆ ಬಂದ ಕಾರ್ಮಿಕನಿಗೆ ಎರಡೂ ಬಾರದಿರಬಹುದು. ಬದುವಿನ ಜಗಳ, ಕುಡಿದ ಮೇಲಿನ ಹೊಡೆದಾಟ, ಬೈಕ್ ಅಪಘಾತ, ಕಳವಿನ ಅನುಮಾನ, ಇವುಗಳಲ್ಲಿ ಯಾವುದೋ ಒಂದು ಕಾರಣಕ್ಕೆ ಇಲ್ಲಿನವರ ಹೆಸರು ಎಫ್‌ಐಆರ್‌ಗೆ ಸೇರಿತೆಂದರೆ ಮನೆಯವರು ಮೊದಲು ಓಡುವುದು ಪರಿಚಿತ ಮುಖಂಡರ ಬಳಿಗೆ. ವಕೀಲರ ನೆನಪಾಗುವುದು ಆಮೇಲೆ. ಕೋರ್ಟಿನ ವ್ಯವಹಾರದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಂಬಿ ಬೆಳೆದ ಸಮಾಜ ಮೊದಲು ರಾಜಿಯ ದಾರಿ ಹುಡುಕುವುದು ಸಹಜವೇ. ಆದರೆ ಎಲ್ಲ ಅಪರಾಧಗಳೂ ರಾಜಿಗೆ ಒಳಪಡುವಂಥವಲ್ಲ. ಪಂಚಾಯಿತಿಯಲ್ಲಿ ಎರಡೂ ಕಡೆಯವರು ಕೈ ಮುಗಿದು ಎದ್ದುಹೋದರೂ ಪ್ರಕರಣ ಠಾಣೆಯ ಕಡತದಲ್ಲಿ ಮುಂದುವರಿದೇ ಇರುತ್ತದೆ.

ಮೊದಲ 24 ಗಂಟೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಕುಳಿತಿದೆ. ಸೆಕ್ಷನ್‌ಗಳ ಸಂಖ್ಯೆ ಬದಲಾಗಿದ್ದರೂ ಬಂಧನದ ಮೂಲ ನಿಯಮಗಳು ಬದಲಾಗಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಆರೋಪಗಳಲ್ಲಿ ಪೊಲೀಸರು ಸಾಮಾನ್ಯವಾಗಿ ಬಂಧಿಸುವ ಬದಲು ನೋಟಿಸ್ ಕೊಟ್ಟು ಹಾಜರಾಗಲು ಹೇಳಬೇಕು. ಬಂಧಿಸಿದರೆ ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತರಿಗಿದೆ. ಇಡೀ ವಿಚಾರಣೆಯುದ್ದಕ್ಕೂ ವಕೀಲರು ಪಕ್ಕದಲ್ಲೇ ಕೂರಬೇಕೆಂದು ಕೇಳಲಾಗದು. ಬಂಧನದ ಕಾರಣವನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು, ತಡವಾದರೂ ರಿಮ್ಯಾಂಡ್‌ಗೆ ಹಾಜರುಪಡಿಸುವ ಎರಡು ಗಂಟೆ ಮುನ್ನವಾದರೂ ಅದು ಕೈಸೇರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಹೇಳಿತು. ಮೂರು ಭಾಷೆ ಕಲೆಯುವ ಕುಡುಮಲಕುಂಟೆಯಂತಹ ಕಡೆ ಈ ಮಾತಿನ ತೂಕ ಹೆಚ್ಚು.

ಈ ಗಂಟೆಗಳು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದ ಅಷ್ಟು ಮಾತು ಸಾಕ್ಷ್ಯವಾಗುತ್ತದೆ. ಮಚ್ಚು ತೋರಿಸಿದ, ಒಡವೆ ತೋರಿಸಿದ ಎಂಬ ಮಹಜರುಗಳು ಹುಟ್ಟುವುದು ಮೊದಲ ದಿನಗಳಲ್ಲೇ. ವರ್ಷಗಳ ನಂತರ ನಡೆಯುವ ಪಾಟೀ ಸವಾಲಿನಲ್ಲಿ ವಕೀಲರು ಸೆಣಸಬೇಕಾದದ್ದು, ತಾವು ಪ್ರಕರಣಕ್ಕೆ ಬರುವ ಮುನ್ನವೇ ತಯಾರಾದ ಈ ಕಾಗದಗಳ ಜೊತೆಗೆ.

ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಅಂಥ ಚಳವಳಿಗಳ ಕಾಲದಿಂದ ಬಂದು, ಸಂವಿಧಾನದ 22ನೇ ವಿಧಿಯಲ್ಲಿ ಬಂಧಿತರಿಗೆ ತಮ್ಮ ಆಯ್ಕೆಯ ವಕೀಲರನ್ನು ಹೊಂದುವ ಹಕ್ಕನ್ನು ಬರೆದವರಲ್ಲಿ ಅನೇಕರು ಸ್ವತಃ ಜೈಲು ಕಂಡವರು. ಲಾಕಪ್ಪಿನಲ್ಲಿ ಒಬ್ಬಂಟಿಯಾಗಿ ಕೂರುವುದೆಂದರೇನು ಎಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಕರಿಕೋಟು ಹುಡುಕುವ ದಾರಿ

ವಕೀಲರು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ತಾವಾಗಿ ಹುಡುಕಿಕೊಂಡು ಹೋಗುವಂತಿಲ್ಲ. ವೃತ್ತಿಯ ಘನತೆಗಾಗಿ ಬಂದ ಈ ನಿಯಮದ ಅಡ್ಡ ಪರಿಣಾಮವೆಂದರೆ, ಹಳ್ಳಿಯವನಿಗೆ ವಕೀಲರ ಬಗ್ಗೆ ತಿಳಿಯುವುದೆಲ್ಲ ಬಾಯಿಮಾತಿನಿಂದಲೇ. ಆ ಖಾಲಿ ಜಾಗದಲ್ಲಿ ಮಧ್ಯವರ್ತಿ ಬೆಳೆಯುತ್ತಾನೆ. ‘ನಮ್ಮ ಲಾಯರ್ ಇದ್ದಾರೆ, ನಾಳೆಯೇ ಬೇಲ್’ ಎನ್ನುವವನ ಮಾತಿನಲ್ಲಿ ಫೀಸು ಎಷ್ಟು, ಕಮಿಷನ್ ಎಷ್ಟು ಎಂಬುದು ಕೇಳಿದವರಿಗೆ ಬಿಡಿಸಲಾಗದು.

ಫೀಸನ್ನು ಜಾಮೀನಿಗಿಷ್ಟು, ಸಾಕ್ಷಿ ವಿಚಾರಣೆಗಿಷ್ಟು ಎಂದು ಹಂತ ಹಂತವಾಗಿ ಮಾತಾಡಿಕೊಳ್ಳುವುದು ರೂಢಿ. ಜಾಮೀನು ಸಿಕ್ಕ ದಿನವೇ ಪ್ರಕರಣ ಮುಗಿಯಿತೆಂದು ಆರೋಪಿ ತಿಳಿಯುವ ಅಪಾಯವಿರುವುದೂ ಇಲ್ಲೇ. ಎರಡು ವಾಯಿದೆ ತಪ್ಪಿಸಿದರೆ ಜಾಮೀನುರಹಿತ ವಾರಂಟ್ ಹೊರಡಬಹುದು. ದೋಷಾರೋಪ ಪಟ್ಟಿಯ ಪ್ರತಿ ಕೈಸೇರಿದ ಮೇಲೆ, ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ವಾರಂಟ್ ಪ್ರಕರಣಗಳಲ್ಲಿ ಆರೋಪದಿಂದ ಬಿಡುಗಡೆ ಕೋರಲು ಹೊಸ ಸಂಹಿತೆ ಕೊಟ್ಟಿರುವುದು 60 ದಿನ. ‘ಜಾಮೀನಿನ ಲಾಯರ್’ ಹಿಂದೆ ಸರಿದು ‘ಕೇಸಿನ ಲಾಯರ್’ ಇನ್ನೂ ಬಾರದ ನಡುವಿನ ದಿನಗಳಲ್ಲಿ ಆ ಅವಕಾಶ ಕೈಜಾರುತ್ತದೆ. ಪ್ರಕರಣದ ಸಿಎನ್‌ಆರ್ ಸಂಖ್ಯೆ ಕೈಲಿದ್ದರೆ ಮುಂದಿನ ವಾಯಿದೆ ಎಂದು, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು. ವಕಾಲತ್ತಿಗೆ ಸಹಿ ಹಾಕುವವರಲ್ಲಿ ಎಷ್ಟು ಮಂದಿ ಆ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ ಎನ್ನುವುದು ಬೇರೆ ಮಾತು.

ಸರ್ಕಾರದ ಖರ್ಚಿನ ವಕೀಲರು

ಉಚಿತ ಕಾನೂನು ನೆರವು ದಯೆಯಲ್ಲ, ಹಕ್ಕು ಎಂಬ ನಿಲುವು ಹಂತ ಹಂತವಾಗಿ ಗಟ್ಟಿಯಾಯಿತು. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬದುಕುವ ಹಕ್ಕಿನ ಭಾಗವೆಂದಿತು. ಹಣವಿಲ್ಲ ಎಂಬ ನೆಪವನ್ನು ಸರ್ಕಾರ ಹೇಳುವಂತಿಲ್ಲ ಎಂಬ ಮಾತು ಬಂದದ್ದು 1981ರಲ್ಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಯಾಗಲು 1995ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಆ ಕಾಯ್ದೆಯ 12ನೇ ಸೆಕ್ಷನ್ ಕುಡುಮಲಕುಂಟೆಯವರು ಗಮನಿಸಬೇಕಾದದ್ದು. ನೆರವು ಬಡವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಜೊತೆಗೆ ಕೈಗಾರಿಕಾ ಕಾರ್ಮಿಕರು, ಇವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ಇಲ್ಲವೇ 15100ಕ್ಕೆ ಕರೆ ಮಾಡಿದರೆ ಸಾಕು.

ಆದರೂ ಜನ ಹಿಂಜರಿಯುತ್ತಾರೆ. ಪುಕ್ಕಟೆ ಸಿಗುವ ಲಾಯರ್ ಮನಸ್ಸಿಟ್ಟು ವಾದಿಸುವರೇ ಎಂಬ ಅನುಮಾನ ಪೂರ್ತಿ ನಿರಾಧಾರವಲ್ಲ. ಅಲ್ಪ ಗೌರವಧನಕ್ಕೆ ಪ್ಯಾನೆಲ್ ವಕೀಲರು ತಮ್ಮ ಖಾಸಗಿ ಪ್ರಕರಣಗಳ ನಡುವೆ ಈ ಕೆಲಸವನ್ನೂ ನಿಭಾಯಿಸಬೇಕಿತ್ತು. ಅದಕ್ಕೆ ಉತ್ತರವಾಗಿ 2022ರಲ್ಲಿ ಹೊಸ ರೂಪ ಪಡೆದ ವ್ಯವಸ್ಥೆಯಲ್ಲಿ ಪೂರ್ಣಾವಧಿ ರಕ್ಷಣಾ ವಕೀಲರು ಬಂದರು. ಅವರು ಖಾಸಗಿ ಪ್ರಕರಣ ತೆಗೆದುಕೊಳ್ಳುವಂತಿಲ್ಲ. ಅಭಿಯೋಜಕರಿಗೂ ಸರ್ಕಾರದ ಸಂಬಳ, ಆರೋಪಿಯ ವಕೀಲರಿಗೂ ಸಾರ್ವಜನಿಕ ಹಣವೇ ಆದರೆ ಸ್ವಾತಂತ್ರ್ಯವೆಲ್ಲಿ ಎಂಬ ಪ್ರಶ್ನೆ ವಕೀಲ ವಲಯದಲ್ಲಿದೆ. ಪ್ಯಾನೆಲ್ ಕೆಲಸದಲ್ಲೇ ಪಳಗುತ್ತಿದ್ದ ಕಿರಿಯರಿಗೆ ಅವಕಾಶ ಕುಗ್ಗಿತೆಂಬ ಅಸಮಾಧಾನವೂ ಇದೆ. ಮೊದಲನೆಯದಕ್ಕೆ ಉತ್ತರ, ನ್ಯಾಯಾಧೀಶರ ಸಂಬಳವೂ ಅದೇ ಖಜಾನೆಯದ್ದು ಎಂಬುದು. ಎರಡನೆಯದು ನಿಜವಾದ ತೊಡಕು. ಅದಕ್ಕಿಂತ ದೊಡ್ಡ ಕೊರತೆ, ಈ ವ್ಯವಸ್ಥೆಯನ್ನು ಮುಖ್ಯವಾಗಿ ಜಿಲ್ಲಾ ಕೇಂದ್ರವನ್ನು ಆಧಾರವಾಗಿಟ್ಟು ಕಟ್ಟಿರುವುದು.

ಪಹಣಿ ಇಲ್ಲದವರ ಜಾಮೀನು

ಜಾಮೀನು ಆದೇಶವಾದರೂ ಬಾಗಿಲು ತೆರೆಯದಿರುವ ಸಂದರ್ಭಗಳುಂಟು. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಶ್ಯೂರಿಟಿ ಎಂದರೆ ಪಹಣಿ ಹಿಡಿದು ಬರುವ ಜಮೀನುದಾರ. ಬಾಡಿಗೆ ಕೋಣೆಯಲ್ಲಿರುವ ವಲಸೆ ಕಾರ್ಮಿಕನಿಗೆ ತನ್ನ ಪಹಣಿ ಕೊಡುವವರು ಯಾರು? ಈ ಪ್ರಶ್ನೆ ಹೊಸದಲ್ಲ. 1978ರಲ್ಲಿ ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನೊಬ್ಬನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ 10,000 ರೂಪಾಯಿಯ ಶ್ಯೂರಿಟಿ ತಿರಸ್ಕೃತವಾಗಿತ್ತು. ಅದು ತಪ್ಪೆಂದ ಸರ್ವೋಚ್ಚ ನ್ಯಾಯಾಲಯ, ಮೊತ್ತವನ್ನು ಆರೋಪಿಯ ಶಕ್ತಿಗೆ ತಕ್ಕಂತೆ ಇಳಿಸಿತು. 2023ರ ನಿರ್ದೇಶನದಂತೆ ಆದೇಶವಾಗಿ ತಿಂಗಳಾದರೂ ಶ್ಯೂರಿಟಿ ಒದಗಿಸಲಾಗದಿದ್ದರೆ ನ್ಯಾಯಾಲಯವೇ ಷರತ್ತನ್ನು ಮರುಪರಿಶೀಲಿಸಬಹುದು. ಬಡ ಕೈದಿಗಳ ಜಾಮೀನಿಗೆ ಹಣದ ನೆರವು ನೀಡುವ ಕೇಂದ್ರದ ಯೋಜನೆಯೂ ಇದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ಶೇ 75ಕ್ಕಿಂತ ಹೆಚ್ಚು ಮಂದಿ ಇನ್ನೂ ತೀರ್ಪು ಕಾಣದವರು.

ಆರೋಪಿಗೇಕೆ ಇಷ್ಟು ಆಸ್ಥೆ?

ಈ ಪ್ರಶ್ನೆಯನ್ನು ಈ ಜಿಲ್ಲೆಯಲ್ಲಿ ಹಗುರವಾಗಿ ತಳ್ಳಿಹಾಕಲಾಗದು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ನೋವು ಇನ್ನೂ ಹಸಿಯಾಗಿದೆ. ಆದರೆ ಅಲ್ಲಿ ಪ್ರಕರಣ ಕುಸಿದದ್ದು ಸಾಕ್ಷಿಗಳು ತಿರುಗಿಬಿದ್ದುದರಿಂದ. ಸಾಕ್ಷಿಗಳಿಗೆ ರಕ್ಷಣೆ ಕೊಡಲಾಗದ ವ್ಯವಸ್ಥೆಯ ತಪ್ಪನ್ನು ಆರೋಪಿಯ ವಕೀಲರ ತಲೆಗೆ ಕಟ್ಟುವುದು ಸರಿಯಲ್ಲ.

ಆರೋಪಿಗೆ ವಕೀಲರೇ ಸಿಗದಂತೆ ಮಾಡುವ ಯತ್ನವೂ ನಡೆದಿದೆ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸಬಾರದೆಂದು ಸ್ಥಳೀಯ ವಕೀಲರ ಸಂಘ ನಿರ್ಣಯಿಸಿತು. ಹೈಕೋರ್ಟ್ ತೀಕ್ಷ್ಣವಾಗಿ ಆಕ್ಷೇಪಿಸಿತು. ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಇಂತಹ ನಿರ್ಣಯಗಳು ಅಸಿಂಧು ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ಹೇಳಿತ್ತು.

ರಕ್ಷಣೆಯಿಲ್ಲದ ವಿಚಾರಣೆ ಸಂತ್ರಸ್ತರಿಗೂ ನೆರವಾಗುವುದಿಲ್ಲ ಎಂಬುದಕ್ಕೆ ಮಧ್ಯಪ್ರದೇಶದ ಪ್ರಕರಣವೊಂದಿದೆ. 2013ರಲ್ಲಿ ಬಾಲಕಿಯೊಬ್ಬಳ ಕೊಲೆ ಪ್ರಕರಣದಲ್ಲಿ ನೆರವಿನ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿ, ಎರಡು ವಾರದಲ್ಲಿ ಮರಣದಂಡನೆ ವಿಧಿಸಲಾಯಿತು. ವಕೀಲರಿಗೆ ಕಡತ ಓದಲೂ ಸಮಯವಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪು ರದ್ದುಮಾಡಿ, ಮೊದಲಿನಿಂದ ವಿಚಾರಣೆಗೆ ಆದೇಶಿಸಿತು. ಮುಂದೆ ಇನ್ನಷ್ಟು ಸುತ್ತು ಹಾಕಿದ ಪ್ರಕರಣ 2024ರಲ್ಲಿ ಆರೋಪಿಯ ಖುಲಾಸೆ ಕಂಡಿತು. ಬಾಲಕಿಯ ಮನೆಯವರಿಗೆ ಹನ್ನೊಂದು ವರ್ಷದ ನಂತರವೂ ಉತ್ತರ ಸಿಗಲಿಲ್ಲ.

ಇವೆಲ್ಲವನ್ನೂ ತೂಗಿ ನೋಡಿದರೆ, ಕಾಯ್ದೆಯ ಕೊರತೆಗಿಂತ ಹೊತ್ತಿನ ಮತ್ತು ದೂರದ ಕೊರತೆಯೇ ದೊಡ್ಡದೆನಿಸುತ್ತದೆ. ಪೂರ್ಣಾವಧಿ ರಕ್ಷಣಾ ವಕೀಲರು ತಾಲ್ಲೂಕು ಮಟ್ಟದಲ್ಲಿ ಸರದಿಯಂತೆ ರಾತ್ರಿಯೂ ಲಭ್ಯವಿರಬೇಕು. ಠಾಣೆಯ ಗೋಡೆಯ ಮೇಲೆ ಅವರ ಫೋನ್ ಸಂಖ್ಯೆ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಇರಬೇಕು. ಕಾರ್ಖಾನೆಯ ಗೇಟಿನ ಬಳಿ ಪಿಎಫ್, ಇಎಸ್‌ಐ ಸೂಚನೆಗಳನ್ನು ಅಂಟಿಸುವ ಬೋರ್ಡಿನಲ್ಲಿ 15100ಕ್ಕೂ ಒಂದು ಸಾಲಿನ ಜಾಗ ಸಿಗಲಿ.