ಜಟಕಾದ ಸಾಹೇಬ, ಬಸ್ಸಿನ ಚತುರ್ಥಿ

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ (1943)ದಲ್ಲಿ ಬದುಕನ್ನೇ ಜಟಕಾ ಬಂಡಿಯೆಂದು ರೂಪಿಸಿದ ಪದ್ಯವನ್ನು ಅರಿಯದ ಕನ್ನಡ ವಿದ್ಯಾರ್ಥಿ ಇರಲಾರ. ಆದರೆ ಅದರಲ್ಲಿ ವಿಧಿಗೆ ಕೊಟ್ಟಿರುವ ‘ಸಾಹೇಬ’ ಎಂಬ ಹೆಸರಿಗೆ ಇಂದಿನ ತರಗತಿಗಳಲ್ಲಿ ವಿಚಿತ್ರವಾದ ಅರ್ಥಗಳು ಹುಟ್ಟಿಕೊಳ್ಳುತ್ತವೆ. ಒಬ್ಬರಿಗೆ ಅವನು ಕಚೇರಿಯ ಅಧಿಕಾರಿ, ಇನ್ನೊಬ್ಬರಿಗೆ ಬ್ರಿಟಿಷ್ ದೊರೆ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಜಟಕಾ ಹೊಡೆಯುತ್ತಿದ್ದವರಲ್ಲಿ ಬಹುಮಂದಿ ಮುಸಲ್ಮಾನರು. ‘ಸಾಹೇಬ್ರೇ’ ಎಂದು ಕರೆದೇ ಜನ ಅವರೊಡನೆ ಬಾಡಿಗೆ ಮಾತನಾಡುತ್ತಿದ್ದರು. ಪದ್ಯದ ಸಾಹೇಬ ಲಗಾಮು ಹಿಡಿದು ಕುಳಿತ ಆ ಗಾಡಿಯವನೇ. ಗುಂಡಪ್ಪನವರಿಗೆ ಆ ಗಾಡಿ ದೂರದ ವಸ್ತುವಾಗಿರಲಿಲ್ಲ. ಮುಳಬಾಗಿಲಿನಿಂದ ಬಂದ ಅವರು, ಬರವಣಿಗೆಯಲ್ಲಿ ನೆಲೆಗೊಳ್ಳುವ ಮುನ್ನ, ಬೆಂಗಳೂರಿನಲ್ಲಿ ಜಟಕಾಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯೊಂದರಲ್ಲಿ ಕೆಲಕಾಲ ದುಡಿದಿದ್ದರು.

ಆದುದರಿಂದ ರೂಪಕವನ್ನು ಬಿಡಿಸುವ ಮೊದಲು ಗಾಡಿಯನ್ನು ಬಿಡಿಸಿ ನೋಡಬೇಕಾಗುತ್ತದೆ. ಜಟಕಾಕ್ಕೆ ಎರಡೇ ಚಕ್ರ, ಒಂದೇ ಕುದುರೆ. ಮೇಲೆ ಕಮಾನಿನಂಥ ಮುಚ್ಚಿಗೆ. ಹತ್ತುವುದು ಹಿಂದಿನಿಂದ. ಒಳಗೆ ಆಸನವಿಲ್ಲ, ಹುಲ್ಲು ಹರಡಿ ಅದರ ಮೇಲೆ ಹಾಸಿದ ಚಾಪೆಯೋ ಗೋಣಿಯೋ ಇರುತ್ತಿತ್ತು. ನಾಲ್ವರು ಕುಳಿತರೆ ಮೊಣಕಾಲುಗಳನ್ನು ಎಲ್ಲಿಡಬೇಕೆಂಬುದೇ ಸಮಸ್ಯೆ. ಇರುವುದು ಎರಡೇ ಚಕ್ರವಾದ್ದರಿಂದ ಭಾರದ ಸಮತೋಲ ಮುಖ್ಯ. ಜನರೆಲ್ಲ ಹಿಂದೆ ಕುಳಿತರೆ ಮೂಕಿಗಳು ಮೇಲೆದ್ದು ಕುದುರೆಯನ್ನೇ ಎತ್ತುವಂತಾಗುತ್ತಿತ್ತು. ಮುಂದೆ ಸರಿದರೆ ಭಾರವೆಲ್ಲ ಅದರ ಬೆನ್ನಿಗೆ. ಹೀಗಾಗಿ ‘ಸ್ವಲ್ಪ ಮುಂದಕ್ಕೆ ಬನ್ನಿ, ಅಮ್ಮಾವ್ರು ಹಿಂದಕ್ಕೆ ಸರೀರಿ’ ಎಂಬ ಆಜ್ಞೆಗಳೊಂದಿಗೇ ಪ್ರತಿ ಪ್ರಯಾಣ ಆರಂಭವಾಗುತ್ತಿತ್ತು. ದಾರಿಹೋಕರನ್ನು ಎಚ್ಚರಿಸಲು ಚಾವಟಿಯ ಹಿಡಿಯನ್ನು ತಿರುಗುವ ಚಕ್ರದ ಅರೆಗಳಿಗೆ ತಾಗಿಸಿದರೆ ಕಟಕಟನೆ ಸದ್ದು; ಅದೇ ಹಾರ್ನು.

ಇದಕ್ಕಿಂತ ಮುಖ್ಯವಾದ ಲಕ್ಷಣವೊಂದಿದೆ. ಜಟಕಾಕ್ಕೆ ಗೊತ್ತಾದ ದಾರಿಯಿಲ್ಲ, ವೇಳೆಯಿಲ್ಲ. ಬಾಡಿಗೆ ಕುದುರಿದ ಮೇಲೆಯೇ ಅದಕ್ಕೊಂದು ಗುರಿ ಒದಗುತ್ತದೆ. ಈ ಗಳಿಗೆ ಶುಭಕಾರ್ಯದ ಮನೆಗೆ, ಮರುಗಳಿಗೆ ಸಾವಿನ ಮನೆಗೆ. ಎಲ್ಲಿಗೆಂಬ ಪ್ರಶ್ನೆಯನ್ನು ಕುದುರೆಯ ಮುಂದೆ ಯಾರೂ ಇಡುವುದಿಲ್ಲ. ಕಗ್ಗದ ಆ ಪದ್ಯ ನಿಂತಿರುವುದು ಈ ವ್ಯವಹಾರದ ಮೇಲೆ. ಜಟಕಾದ ಜಾಗದಲ್ಲಿ ಬಸ್ಸನ್ನಿಟ್ಟರೆ ಪದ್ಯ ಕುಸಿಯುತ್ತದೆ: ಬಸ್ಸಿನ ದಾರಿ ಮುನ್ನವೇ ನಿಶ್ಚಿತ, ಹಲಗೆಯ ಮೇಲೆ ಅದು ಬರೆದಿರುತ್ತದೆ, ಇಷ್ಟವಿಲ್ಲದವರು ಹತ್ತುವುದಿಲ್ಲ.

ಗಾಡಿಯೊಂದಿಗೆ ಬಂದ ಪದಗಳತ್ತಲೂ ಒಮ್ಮೆ ಕಣ್ಣು ಹಾಯಿಸಬಹುದು. ‘ಜಟಕಾ’ ಎಂಬುದು ‘ಬೇಗನೆ’ ಎಂಬರ್ಥದ ದಖನಿ ‘ಝಟಕಾ’ದಿಂದ ಬಂದುದೆಂದು 1886ರ ‘ಹಾಬ್ಸನ್-ಜಾಬ್ಸನ್’ ಕೋಶ ಹೇಳುತ್ತದೆ. ಮರಾಠಿಯಲ್ಲಿ ಅದೇ ಪದಕ್ಕೆ ಥಟ್ಟನೆ ಬೀಳುವ ಸೆಳೆತ, ಜಗ್ಗು ಎಂಬ ಅರ್ಥ. ಈ ಗಾಡಿಯಲ್ಲಿ ಒಮ್ಮೆ ಕುಳಿತವರು ಮರಾಠಿ ಅರ್ಥವನ್ನೇ ಒಪ್ಪಿಯಾರು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆ ಕೇಳುವುದು ‘ಟಾಂಗಾ’. ಅದರ ರಚನೆಯೂ ಬೇರೆ, ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಆಸನಗಳು. ಲಗಾಮು, ಜೀನು, ಚಾಬೂಕುಗಳು ಪಾರಸಿಯಿಂದ ಬಂದವು. ಕುದುರೆಯ ಹೊಟ್ಟೆಗೆ ಹೋಗುವ ವಸ್ತುಗಳಿಗೆ ಮಾತ್ರ ಅಚ್ಚಗನ್ನಡದ ಹೆಸರುಗಳು: ಹುಲ್ಲು, ಹುರುಳಿ.

ಹೊಸೂರು–ಕೃಷ್ಣಗಿರಿಯವರಿಗೆ ಹುರುಳಿಯ ಮಾತನ್ನು ವಿವರಿಸಬೇಕಾಗಿಲ್ಲ. ರಾಗಿಯಂತೆ ಅದೂ ಇಲ್ಲಿನ ಮಳೆಯಾಧಾರಿತ ಹೊಲದ ಬೆಳೆ. ಅದರ ಕಟ್ಟಿನ ಸಾರು ಇಲ್ಲಿನ ಊಟ. ಇಂಗ್ಲಿಷರು ಅದಕ್ಕಿಟ್ಟ ಹೆಸರಿನಲ್ಲಿಯೇ ಕುದುರೆಯಿದೆ. ಕುದುರೆಯ ಸಂಬಂಧ ಹೊಸೂರಿಗೆ ಇನ್ನೂ ಒಂದು ಬಗೆಯಲ್ಲಿ ಉಂಟು. ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲಿ, ಸಾವಿರದ ಆರುನೂರಕ್ಕೂ ಹೆಚ್ಚು ಎಕರೆ ನೆಲದಲ್ಲಿ, ಸೈನ್ಯಕ್ಕಾಗಿ ಕುದುರೆಗಳನ್ನು ಸಾಕಿ ಸಿದ್ಧಗೊಳಿಸುವ ಕೇಂದ್ರ ಆರಂಭವಾಯಿತು. ಈಗಿನ ಸರ್ಕಾರಿ ಜಾನುವಾರು ಕ್ಷೇತ್ರ ಅದರ ಮುಂದುವರಿಕೆ. ಸೈನ್ಯದ ಎತ್ತರದ ಕುದುರೆ ಬೇರೆ, ಜಟಕಾ ಎಳೆಯುವ ಗಿಡ್ಡ ತಟ್ಟು ಬೇರೆ. ಆದರೂ ಎರಡಕ್ಕೂ ಬೇಕಾದವರು ಒಂದೇ ಬಗೆಯ ಜನ: ಹುಲ್ಲು ಕೊಯ್ದು ಮಾರುವವರು, ಹುರುಳಿ ಬೆಳೆಯುವವರು, ಲಾಳ ಕಟ್ಟುವವರು, ಚರ್ಮದ ಕೆಲಸದವರು, ಚಕ್ರಕ್ಕೆ ಪಟ್ಟಿ ಬಿಗಿಯುವ ಕಮ್ಮಾರರು. ಪ್ರಯಾಣಿಕ ಕೊಟ್ಟ ಬಾಡಿಗೆಯ ಕಾಸು ಸಂಜೆಯೊಳಗೆ ಊರಿನಲ್ಲೇ ಹಂಚಿಹೋಗುತ್ತಿತ್ತು. ಪೆಟ್ರೋಲಿಗೆ ಕೊಟ್ಟ ಕಾಸು ಹಾಗೆ ಊರಿನಲ್ಲಿ ಉಳಿಯುವುದಿಲ್ಲ. ಬಸ್ಸಿನ ಆಗಮನವನ್ನು ಬರಿಯ ಪ್ರಗತಿಯ ಕಥೆಯೆಂದು ಬರೆಯುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನು ಬಸ್ಸು. ವ್ಯಾಕರಣದ ವಿದ್ಯಾರ್ಥಿಗಳಿಗೆ ಈ ಪದದಷ್ಟು ರುಚಿಕರವಾದುದು ವಿರಳ. ಫ್ರಾನ್ಸಿನ ನಾಂತ್ ನಗರದಲ್ಲಿ 1826ರಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ಗೊತ್ತಾದ ದಾರಿಯಲ್ಲಿ ಓಡಿಸಿದ ಕುದುರೆ ಬಂಡಿಗೆ ‘ಆಮ್ನಿಬಸ್’ ಎಂಬ ಹೆಸರು ಬಿತ್ತು. ಲಂಡನ್ನಿನಲ್ಲಿ ಜಾರ್ಜ್ ಶಿಲಿಬಿಯರ್ 1829ರ ಜುಲೈ 4ರಂದು ಮೂರು ಕುದುರೆಗಳು ಎಳೆಯುವ, 22 ಜನ ಕೂರಬಹುದಾದ ಅಂಥದೇ ಬಂಡಿಯನ್ನು ಹೊರಡಿಸಿದ. ಲ್ಯಾಟಿನ್ನಿನ ‘ಆಮ್ನಿಸ್’ ಎಂದರೆ ‘ಎಲ್ಲ’. ‘ಆಮ್ನಿಬಸ್’ ಎಂಬುದು ಅದರ ಚತುರ್ಥೀ ಬಹುವಚನ, ‘ಎಲ್ಲರಿಗೆ’. ಕಾಲಕ್ರಮದಲ್ಲಿ ಪ್ರಕೃತಿ ಬಿದ್ದುಹೋಗಿ ಪ್ರತ್ಯಯದ ಬಾಲ ಮಾತ್ರ ಉಳಿಯಿತು. ‘ಎಲ್ಲರಿಗೆ’ ಎಂಬುದರಲ್ಲಿ ‘ಎಲ್ಲರ’ನ್ನು ಬಿಟ್ಟು ‘ಗೆ’ಯನ್ನೇ ವಾಹನಕ್ಕೆ ಹೆಸರಾಗಿಟ್ಟಂತೆ! ಕನ್ನಡವು ಆ ಪ್ರತ್ಯಯವನ್ನು ನಾಮಪದವಾಗಿ ಸ್ವೀಕರಿಸಿ, ದ್ವಿತ್ವ ಮಾಡಿ, ಉಕಾರ ಸೇರಿಸಿ ‘ಬಸ್ಸು’ ಎಂದಿತು. ‘ಬಸ್ಸಿಗೆ ಹೊತ್ತಾಯಿತು’ ಎನ್ನುವಾಗ ಕೇಶಿರಾಜನ ‘ಗೆ’ಯೂ ಬಂದು ಸೇರುತ್ತದೆ, ಚತುರ್ಥಿಯ ಮೇಲೆ ಚತುರ್ಥಿ.

‘ಎಲ್ಲರಿಗೆ’ ಎಂಬ ಆ ಮಾತು ನಮ್ಮ ಕಡೆ ತಾನಾಗಿ ನಿಜವಾಗಲಿಲ್ಲ. ಮದರಾಸು ಪ್ರಾಂತದ ಕೆಲವು ಕಡೆ ಖಾಸಗಿ ಬಸ್ಸುಗಳವರು ಅಸ್ಪೃಶ್ಯರೆನಿಸಿದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. 1930ರ ಸುಮಾರಿಗೆ ರಾಮನಾಥಪುರದ ಜಿಲ್ಲಾ ಬೋರ್ಡಿನ ಅಧ್ಯಕ್ಷರಾಗಿದ್ದ ಡಬ್ಲ್ಯು.ಪಿ.ಎ. ಸೌಂದರಪಾಂಡಿಯನ್ ಅವರು, ಹೀಗೆ ನಿರಾಕರಿಸುವವರ ಲೈಸೆನ್ಸು ಉಳಿಯದೆಂದು ಆಜ್ಞೆ ಹೊರಡಿಸಬೇಕಾಯಿತು. ಪದದೊಳಗಿದ್ದ ವಿಭಕ್ತಿಯನ್ನು ಕಾನೂನಿನಿಂದ ಜಾರಿಗೆ ತಂದ ಪ್ರಸಂಗವಿದು.

ಕುದುರೆಯಿಂದ ಮೋಟಾರಿಗೆ ಬದಲಾದ ಕ್ರಮ ಎಲ್ಲ ಊರುಗಳಲ್ಲೂ ಒಂದೇ ಆಗಿರಲಿಲ್ಲ. ಲಂಡನ್ನಿನ ಬೀದಿಯಿಂದ ಕೊನೆಯ ಕುದುರೆ ಬಸ್ಸು 1914ರಲ್ಲಿ ಮರೆಯಾಯಿತು. ಮುಂಬಯಿಯಲ್ಲಿ 1874ರಲ್ಲಿ ಕುದುರೆ ಎಳೆಯುವ ಟ್ರಾಮು, 1907ರಲ್ಲಿ ವಿದ್ಯುತ್ ಟ್ರಾಮು, 1926ರ ಜುಲೈ 15ರಂದು ಮೋಟಾರು ಬಸ್ಸು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಥೆ ಅದು. ಬೆಂಗಳೂರಿನಲ್ಲಿ ಟ್ರಾಮಿನ ಹಳಿ ಬೀಳಲೇ ಇಲ್ಲ. ಅಲ್ಲಿ ಜಟಕಾದ ಎದುರಿಗೆ ನೇರವಾಗಿ ಬಂದು ನಿಂತದ್ದು ಬಸ್ಸು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ನಗರದೊಳಗೆ ಬಸ್ಸು ಓಡಿಸತೊಡಗಿತು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. 1956ರಲ್ಲಿ ನಗರದ ಕಂಪನಿಯೂ ಸರ್ಕಾರದ ಕೈಸೇರಿ ‘ಬಿ.ಟಿ.ಎಸ್.’ ಆಯಿತು. ಬೆಂಗಳೂರಿಗರು ಆ ಮೂರಕ್ಷರವನ್ನು ‘ಬಿಟ್ಟರೆ ತಿರುಗಿ ಸಿಗದು’ ಎಂದು ಬಿಡಿಸುತ್ತಿದ್ದರು. ನಗೆಮಾತಿನೊಳಗೆ ಒಂದು ಹೋಲಿಕೆ ಅಡಗಿದೆ: ಜಟಕಾ ಪ್ರಯಾಣಿಕನಿಗಾಗಿ ಕಾಯುತ್ತಿತ್ತು, ಬಸ್ಸಿಗಾಗಿ ಪ್ರಯಾಣಿಕ ಕಾಯಬೇಕು.

ಸಣ್ಣ ಊರುಗಳಲ್ಲಿ ಇವೆರಡೂ ಕೂಡಲೇ ಹಗೆಗಳಾಗಲಿಲ್ಲ. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಒಂದೇ ತಟ್ಟು ದಿನವೂ ಹೋಗಿಬರುವ ದೂರವಲ್ಲ. ಅಂಥ ದೂರವನ್ನು ಬಸ್ಸು ವಹಿಸಿಕೊಂಡಿತು; ನಿಲ್ದಾಣದಿಂದ ಮನೆಯ ಬಾಗಿಲವರೆಗಿನ ದಾರಿ ಜಟಕಾಕ್ಕೆ ಉಳಿಯಿತು. ಅದಕ್ಕೂ ಮೊದಲು ರೈಲಿನೊಂದಿಗೆ ಇಂಥದೇ ಒಪ್ಪಂದವಿತ್ತು. ತಿರುಪ್ಪತ್ತೂರಿನಿಂದ ಕೃಷ್ಣಗಿರಿಗೆ 1905ರಲ್ಲಿ, ಮೊರಪ್ಪೂರು–ಧರ್ಮಪುರಿಯ ಮೂಲಕ ಹೊಸೂರಿಗೆ 1913ರಲ್ಲಿ ಕಿರಿಯ ಅಳತೆಯ ರೈಲು ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಎರಡೂ ಹಳಿಗಳು ಮುಚ್ಚಿಹೋದವು. ಅದೇ ವರ್ಷಗಳಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳು ಇದ್ದಿಲಿನ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಅದರ ಅನಿಲದಿಂದ ಓಡಿದವು; ಏರು ಬಂದರೆ ಏದುಸಿರು ಬಿಟ್ಟವು. ಹುರುಳಿ ತಿನ್ನುವ ಪ್ರಾಣಿಗೆ ಆ ದಿನಗಳಲ್ಲಿ ಆಯುಷ್ಯ ಒಂದಿಷ್ಟು ಹೆಚ್ಚಿತೆಂದರೆ ತಪ್ಪಾಗದು. ಜಟಕಾದ ಕೊನೆಯ ಆಸರೆಯಾಗಿದ್ದ ಮನೆಬಾಗಿಲ ದಾರಿಯನ್ನು ಕಿತ್ತುಕೊಂಡದ್ದು ಆಟೋರಿಕ್ಷಾ. ಬೆಂಗಳೂರಿಗೆ ಅದು 1950ರಲ್ಲಿ, ಎನ್. ಕೇಶವ ಅಯ್ಯಂಗಾರ್ಯರು ಮೇಯರ್ ಆಗಿದ್ದಾಗ ಬಂತು. ಜಟಕಾದಂತೆಯೇ ಅದಕ್ಕೂ ಗೊತ್ತಾದ ದಾರಿಯಿಲ್ಲ, ‘ಎಲ್ಲಿಗೆ?’ ಎಂಬ ಪ್ರಶ್ನೆಯಿಂದಲೇ ಅದರ ವ್ಯವಹಾರವೂ ಆರಂಭ. ವೃತ್ತಿಯ ದೃಷ್ಟಿಯಿಂದ ಸಾಹೇಬನ ಉತ್ತರಾಧಿಕಾರಿ ಆಟೋದವನು, ಬಸ್ಸಿನ ಡ್ರೈವರನಲ್ಲ.

ಬಸ್ಸು ತನ್ನೊಳಗೆ ಉಳಿಸಿಕೊಂಡ ಕುದುರೆಯ ಕುರುಹು ಬೇರೆ. ‘ಸ್ಟೇಜ್ ದಾಟಿತು, ಟಿಕೆಟ್ ತಗೊಳ್ಳಿ’ ಎನ್ನುತ್ತಾನೆ ಕಂಡಕ್ಟರು. ‘ಸ್ಟೇಜ್’ ಎಂದರೆ ದೂರದ ಪ್ರಯಾಣದಲ್ಲಿ ದಣಿದ ಕುದುರೆಗಳನ್ನು ಬಿಚ್ಚಿ ಹೊಸ ಕುದುರೆಗಳನ್ನು ಕಟ್ಟುತ್ತಿದ್ದ ತಾಣ ಮತ್ತು ಅಂಥ ಎರಡು ತಾಣಗಳ ನಡುವಿನ ದೂರ. ಭಾರತದಲ್ಲಿ 1861ರ ಸ್ಟೇಜ್ ಕ್ಯಾರೇಜ್ ಕಾಯ್ದೆ ಬಂದುದು ಕುದುರೆ ಎಳೆಯುವ ಬಂಡಿಗಳಿಗಾಗಿ. ಮೋಟಾರು ವಾಹನಗಳ ಕಾಯ್ದೆಯೂ ಆ ಹೆಸರನ್ನೇ ಎತ್ತಿಕೊಂಡಿತು. ಇಂದಿಗೂ ಬಸ್ಸಿನ ಪರ್ಮಿಟ್ಟಿನಲ್ಲಿ ‘ಸ್ಟೇಜ್ ಕ್ಯಾರೇಜ್’ ಎಂದೇ ಇರುತ್ತದೆ. 1980ರಿಂದೀಚೆಗೆ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್. ಕಾರ್ಖಾನೆಗಳು ನೆಲೆಸಿ, ಕುದುರೆ ಸಾಕಿದ ಹೊಸೂರು ಮೋಟಾರು ಮಾಡುವ ಊರಾಯಿತು. ಅಲ್ಲಿ ತಯಾರಾಗುವ ಎಂಜಿನ್ನುಗಳ ಬಲವನ್ನು ಹೇಳುವಾಗಲೂ ಕನ್ನಡ ಪಠ್ಯಗಳಲ್ಲಿ ಬರುವ ಮಾತು ‘ಅಶ್ವಶಕ್ತಿ’.

ಗಾಡಿಯನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಮೈಸೂರು ಹತ್ತಿರದ ಊರು. ಅರಮನೆಯ ಸುತ್ತಮುತ್ತ ಪ್ರವಾಸಿಗರಿಗಾಗಿ ಇಂದಿಗೂ ಕುದುರೆ ಗಾಡಿಗಳು ನಿಲ್ಲುತ್ತವೆ. ಅಲ್ಲಿ ಹತ್ತಿದವರು ಹೇಳಬೇಕಾದ ಊರಾಗಲಿ ಬೀದಿಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಸುತ್ತು ಹೋಗಿ, ಹತ್ತಿದ ಕಡೆಯೇ ಇಳಿಯುತ್ತಾರೆ.