ಹೊಟ್ಟೆಗೆ ಕತ್ತರಿ, ನಾಲಿಗೆಗೆ ಮುನಿಸು!

ಸೆನ್ಸಾರ್‌ನವರು ಚಿತ್ರಕ್ಕೆ ಕತ್ತರಿ ಹಾಕಿದರೆ ಬೊಬ್ಬೆ ಹೊಡೆಯೋ ನಾವು, ತಾರೆಯೊಬ್ಬ ತನ್ನ ಹೊಟ್ಟೆಗೇ ಕತ್ತರಿ ಹಾಕಿಸಿಕೊಂಡರೆ "ಅಬ್ಬಾ, ಎಷ್ಟು ಸ್ಲಿಮ್ ಆಗ್ಬಿಟ್ಟ!" ಅಂತ ಶಿಳ್ಳೆ ಹೊಡೀತೀವಿ. ಆ ಕತ್ತರಿಯ ಪರಿಣಾಮ ನಾಲಿಗೆಯವರೆಗೂ ಹೋಗುತ್ತೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಹೀರೋ ಆಗೋ ಕನಸು ಹೊತ್ತು ಗಾಂಧಿನಗರಕ್ಕೆ ಬರುವ ಹುಡುಗರು ನನ್ನನ್ನು ಕೇಳೋದುಂಟು: "ಸಾರ್, ಆಪರೇಷನ್ ಮಾಡಿಸಿಕೊಂಡ್ರೆ ಮೂರೇ ತಿಂಗಳಲ್ಲಿ ಹೊಟ್ಟೆ ಮಾಯವಂತೆ, ನಿಜಾನಾ?" ಅವರಿಗೆ ನಾನು ಹೇಳೋದು ಮರಡೋನಾ ಕಥೆ.

1986ರಲ್ಲಿ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆದ್ದುಕೊಟ್ಟ ಆ ಮಾಂತ್ರಿಕ, ಆಟ ಬಿಟ್ಟ ಮೇಲೆ ಊದಿಕೊಂಡು ಗುರುತೇ ಸಿಗದಂತಾಗಿದ್ದ. 2005ರ ಮಾರ್ಚ್‌ನಲ್ಲಿ ಕೊಲಂಬಿಯಾದ ಕಾರ್ತಹೇನಾದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡ. ಅದೇ ಆಗಸ್ಟ್‌ನಲ್ಲಿ ಟೀವಿ ಕಾರ್ಯಕ್ರಮದ ನಿರೂಪಕನಾಗಿ ತೆರೆಗೆ ಬಂದಾಗ ಆಳೇ ಬೇರೆ! ಮೊದಲ ಅತಿಥಿ ಯಾರು ಗೊತ್ತೆ? ಸಾಕ್ಷಾತ್ ಪೆಲೆ!

ಈ ಬೈಪಾಸ್ ಅಂದರೇನು? ಜಠರದ ಮೇಲ್ತುದಿಯನ್ನು ಕೋಳಿಮೊಟ್ಟೆಯಷ್ಟು ಚಿಕ್ಕ ಚೀಲ ಮಾಡಿ, ಸಣ್ಣ ಕರುಳನ್ನು ನೇರ ಅದಕ್ಕೇ ಜೋಡಿಸೋದು. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು ಇದರ ಮೊದಲ ರೂಪವನ್ನು ಮಾಡಿದರು. ಇನ್ನೊಂದು ಬಗೆ 'ಸ್ಲೀವ್'. ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಕತ್ತರಿಸಿ ಹೊರಕ್ಕೆ! ಕೊಬ್ಬು ಹೀರಿ ತೆಗೆಯೋ ಲೈಪೊಸಕ್ಷನ್ನೇ ಬೇರೆ, ಇದೇ ಬೇರೆ.

ಕುಯ್ದದ್ದು ಹೊಟ್ಟೆಯನ್ನ. ಆದರೆ ಕೆಡೋದು ಬಾಯಿ! ಸ್ಲೀವ್ ಮಾಡಿಸಿಕೊಂಡ ನನ್ನ ಗೆಳೆಯನೊಬ್ಬನಿದ್ದಾನೆ, ಹಾಸ್ಯಪಾತ್ರಗಳ ದಢೂತಿ. ತಿಂಗಳೆರಡು ಕಳೆದ ಮೇಲೆ ಮೈಸೂರು ಪಾಕ್ ಚೂರು ಬಾಯಿಗಿಟ್ಟವನೇ ಮುಖ ಕಿವುಚಿದ. "ಸಕ್ಕರೆ ಮೂಟೇನೇ ಸುರಿದಂಗಾಯ್ತು ಮಾರಾಯ!" ಬಿರಿಯಾನಿಯ ಮಾಂಸ ನಾರಿನಂತೆ, ಬೋಂಡದ ಎಣ್ಣೆ ವಾಸನೆಗೇ ವಾಕರಿಕೆ. ಯೂನಿಟ್ಟಿನ ಊಟದ ಪಂಕ್ತಿಯಲ್ಲಿ ಎಲ್ಲರನ್ನೂ ನಗಿಸ್ತಿದ್ದವನು ಎರಡು ಚಮಚ ಮೊಸರನ್ನ ಮುಂದಿಟ್ಟುಕೊಂಡು ಮೂಲೆ ಸೇರಿದ. "ತೂಕ ಇಳೀತು ಕಣೋ, ಜೊತೇಲಿ ಕೂತು ತಿನ್ನೋ ಸುಖಾನೂ ಇಳೀತು" ಅಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಹೀಗೇಕೆ? ವಿಜ್ಞಾನಿಗಳು ಕೊಡೋ ಕಾರಣಗಳು ಒಂದೆರಡಲ್ಲ. ಊಟ ಬೇಗ ಕರುಳಿಗಿಳಿದಾಗ 'ಹೊಟ್ಟೆ ತುಂಬಿತು' ಎಂದು ಮೆದುಳಿಗೆ ಸುದ್ದಿ ಮುಟ್ಟಿಸೋ ಜಿಎಲ್‌ಪಿ-1ನಂಥ ಹಾರ್ಮೋನುಗಳು ಉಕ್ಕುತ್ತವೆ. ಸಿಹಿ, ಜಿಡ್ಡು ಕಂಡರೆ ಕುಣೀತಿದ್ದ ಮೆದುಳಿನ ಆಸೆಯ ಕೇಂದ್ರ ತಣ್ಣಗಾಗುತ್ತೆ. ಬೈಪಾಸ್ ಆದವರಲ್ಲಿ ಸಕ್ಕರೆ ಸೀದಾ ಕರುಳಿಗೆ ಧುಮುಕಿದರೆ ಬೆವರು, ಎದೆಬಡಿತ, ತಲೆಸುತ್ತು. ಒಮ್ಮೆ ಹಾಗಾದರೆ ನಾಲಿಗೆ ಆ ಪದಾರ್ಥದ ಮೇಲೆ ಜನ್ಮದ ದ್ವೇಷ ಸಾಧಿಸುತ್ತೆ! ಸಾಲದ್ದಕ್ಕೆ, ಸತುವಿನ ಅಂಶ ಕಡಿಮೆಯಾದರೂ ರುಚಿ ಮಂಕಾಗುತ್ತೆ. ಅದಕ್ಕೇ ಜೀವನಪೂರ್ತಿ ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ತಪ್ಪೋದಿಲ್ಲ.

ಆದರೆ ಗೆಳೆಯರೇ, ಕ್ಲೈಮ್ಯಾಕ್ಸ್ ಇರೋದು ಇಲ್ಲಿ. ಈ ಮುನಿಸು ಬಹಳ ಜನರಲ್ಲಿ ಶಾಶ್ವತವಲ್ಲ. ವರ್ಷ ಕಳೆದಂತೆ ಹಳೇ ರುಚಿ ಮೆಲ್ಲಗೆ ವಾಪಸ್ ಬರುತ್ತೆ. ಸಿಹಿ ಬೇಡವೆನಿಸಿದ ದಿನಗಳಲ್ಲಿ ನಾಲಿಗೆಯೇ ಕಾವಲುಗಾರ; ಕಾವಲುಗಾರ ರಜಾ ಹಾಕಿದ ಮೇಲೆ ಮನುಷ್ಯ ಒಂಟಿ. ನನ್ನ ಗೆಳೆಯ ಈಗ ಮತ್ತೆ ಮೈಸೂರು ಪಾಕ್ ತಿಂತಾನೆ, ಒಂದೇ ಒಂದು ಚೂರು. ಎರಡನೆಯದಕ್ಕೆ ಕೈ ಹೋಗದಂತೆ ತಡೆಯೋದೇ ಅವನ ದಿನದ ಫೈಟಿಂಗ್ ಸೀನು!

ಮದ್ಯದ ವಿಷಯ ಇನ್ನೂ ಅಪಾಯ. ಬೈಪಾಸ್ ಆದ ದೇಹದಲ್ಲಿ ಆಲ್ಕೋಹಾಲ್ ಬಲು ಬೇಗ, ಬಲು ಹೆಚ್ಚಾಗಿ ರಕ್ತಕ್ಕೇರುತ್ತೆ. ಮರಡೋನಾ 2007ರಲ್ಲಿ ಕುಡಿತದಿಂದಾಗಿ ಪಿತ್ತಜನಕಾಂಗ ಕೆಟ್ಟು ಆಸ್ಪತ್ರೆ ಸೇರಿದ. ತೂಕವೂ ಮರಳಿ ಬಂತು. 2015ರಲ್ಲಿ ವೆನೆಜುವೆಲಾದಲ್ಲಿ ಮತ್ತೆ ಹೊಟ್ಟೆಯ ಆಪರೇಷನ್. 2020ರ ನವೆಂಬರ್ 25ರಂದು, 60ನೇ ವಯಸ್ಸಿನಲ್ಲಿ, ಹೃದಯ ನಿಂತುಹೋಯಿತು.

ಹಾಗಂತ ಈ ಚಿಕಿತ್ಸೆ ಖಳನಾಯಕನಲ್ಲ. ಅತಿ ಬೊಜ್ಜು, ಸಕ್ಕರೆ ಕಾಯಿಲೆಯಿಂದ ನರಳೋರಿಗೆ ಇದು ಆಯುಸ್ಸನ್ನೇ ಹೆಚ್ಚಿಸಬಲ್ಲದು. ಐದಾರು ಕೆಜಿ ಇಳಿಸಿ ಫೋಟೋ ಸೆಷನ್‌ಗೆ ನಿಲ್ಲೋ ಹುಡುಗನಿಗೆ ಇದಲ್ಲ, ಅಷ್ಟೆ. ನಿಜಕ್ಕೂ ಬೇಕಾದವರು ಡಾಕ್ಟರ ಮುಂದೆ ಕೂತಾಗ "ಎಷ್ಟು ಕೆಜಿ ಇಳಿಯುತ್ತೆ?" ಅಂತ ಮಾತ್ರ ಕೇಳಬೇಡಿ, "ನನ್ನ ನಾಲಿಗೆಗೆ ಏನಾಗುತ್ತೆ, ಅದು ವಾಪಸ್ ಬಂದಾಗ ನಾನೇನು ಮಾಡಲಿ?" ಅಂತಲೂ ಕೇಳಿ.